ಮರೆಗುಳಿ ಜೋಲಿ

ಬೆಳಿಗ್ಗೆ ಹತ್ತಕ್ಕೆ ಕರೆಂಟು ಒಮ್ಮೆ ಹೋಗಿ ಬಂತು. ಅಷ್ಟಕ್ಕೇ ಮಲೇಷ್ಯಾದ ತೈಪಿಂಗ್ ಊರಿನ ಬದ್ರುಲ್‌ನ ಶನಿವಾರ ಪೂರ್ತಿ ಕೆಟ್ಟುಹೋಯಿತು.

ಬದ್ರುಲ್ ಮನೆಯ ಮುಂಗೋಣೆಯಲ್ಲೇ ಫ್ಯಾನು, ಅನ್ನದ ಕುಕ್ಕರು ರಿಪೇರಿ ಮಾಡುವವನು. ಐದು ತಿಂಗಳ ಮಗಳು ಇನ್ಶಿರಾಳಿಗೆ ಕರೆಂಟಿನ ಜೋಲಿಯನ್ನು ತಾನೇ ಕಟ್ಟಿದ್ದ. ಸ್ಪ್ರಿಂಗಿಗೆ ತೂಗುಹಾಕಿದ, ಲುಂಗಿಯಂಥ ಸಾರೋಂಗ್ ಬಟ್ಟೆ, ಮೇಲೊಂದು ಪುಟ್ಟ ಮೋಟಾರು, ಅದಕ್ಕೆ ವೇಗ ಹೇಳಿಕೊಡಲು ಉಗುರಿನಷ್ಟಗಲದ ಚಿಪ್. ಮಗು ನಿದ್ದೆ ಹೋಗುತ್ತಿದ್ದದ್ದು ನಾಲ್ಕನೇ ವೇಗದಲ್ಲಿ ಮಾತ್ರ. ಆದರೆ ಕರೆಂಟು ಹೋಗಿ ಬಂದರೆ ಸಾಕು, ಚಿಪ್‌ಗೆ ಎಲ್ಲ ಮರೆತುಹೋಗಿ ಜೋಲಿ ಒಂದನೇ ವೇಗದಿಂದ ಶುರು ಮಾಡುತ್ತಿತ್ತು, ಸಹಿ ಹಾಕಲು ಮನಸ್ಸಿಲ್ಲದ ಸಾಹೇಬರ ತಲೆಯಾಟದ ಹಾಗೆ. ಮಗು ಇಡೀ ಓಣಿಗೆ ಕೇಳುವಂತೆ ಅಳುತ್ತಿತ್ತು.

ರಾತ್ರಿ ಪಾಳಿ ಮುಗಿಸಿ ಬಂದು ಆಗಷ್ಟೇ ಮಲಗಿದ್ದ ಹೆಂಡತಿ ನೂರ್ಲೈಲಾ ಕೆದರಿದ ತಲೆಯಲ್ಲಿ ಹೊರಗೆ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು.

"ಈ ವಾರದಲ್ಲಿ ಎಷ್ಟನೇ ಸಲ ಇದು? ಇವತ್ತು ಸರಿ ಮಾಡ್ಲಿಲ್ಲ ಅಂದ್ರೆ ಇದನ್ನ ಗುಜರಿಗೆ ಹಾಕಿ ಅಂಗಡೀದು ತರ್ತೀನಿ ನೋಡಿ!"

ಅಷ್ಟರಲ್ಲಿ ಬದ್ರುಲ್‌ನ ತಾಯಿ ಸೌದಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದು ಮೊಮ್ಮಗಳನ್ನು ಎತ್ತಿಕೊಂಡಳು. ಮಗುವಿಗೆ ಕೈ ರೂಢಿಯಾಗಬಾರದು, ಸುಮ್ಮಸುಮ್ಮನೆ ಎತ್ತಬಾರದು ಎಂಬುದು ನೂರ್ಲೈಲಾಳ ಕಾನೂನು. ಜೋಲಿ ಕೈಕೊಟ್ಟಾಗ ಮಾತ್ರ ಅದಕ್ಕೆ ವಿನಾಯಿತಿ. ನೂರ್ಲೈಲಾ ಮತ್ತೆ ಒಳಗೆ ಹೋಗಿ ಮಲಗಿದಳು.

ಅಳು ಕೇಳಿ ಪಕ್ಕದ ಮನೆಯ ಜಮಾಲುದ್ದೀನ್ ಬಂದ. ಬಿಟ್ಟಿ ಸಲಹೆಯಲ್ಲಿ ಅವನದು ಎತ್ತಿದ ಕೈ. ಹಿಂದೆಯೇ ಎದುರುಮನೆಯ ರೊಪಿಯಾ ತಟ್ಟೆ ತುಂಬ ಸಿಹಿತಿಂಡಿ ಹಿಡಿದು ಬಂದಳು.

"ನಮ್ಮನೇಲಿ ಕರೆಂಟು ಹೋಗೇ ಇಲ್ವಲ್ಲ! ಯಾರದೋ ಕಣ್ಣು ಬಿದ್ದಿದೆ ಮಗೂಗೆ."

"ಕಣ್ಣೂ ಇಲ್ಲ, ಮೂಗೂ ಇಲ್ಲ. ಇವರ ಮನೆ ವೈರು ಹಳೇದು," ಎಂದು ಜಮಾಲುದ್ದೀನ್ ತೀರ್ಪು ಕೊಟ್ಟ.

"ವೈರು ಆಮೇಲೆ ನೋಡ್ಕೋತೀನಿ ಚಿಕ್ಕಪ್ಪ. ಮೊದ್ಲು ಇದಕ್ಕೆ ನೆನಪಿಟ್ಕೊಳೋದು ಕಲಿಸ್ತೀನಿ," ಎಂದು ಬದ್ರುಲ್ ಚಿಪ್ ಬಿಚ್ಚಿ ಕಂಪ್ಯೂಟರಿಗೆ ಜೋಡಿಸಿದ. ಕರೆಂಟು ಹೋದರೂ ಅಳಿಸದ ಪುಟ್ಟ ಮೂಲೆಯೊಂದು ಅದರೊಳಗೇ ಇತ್ತು. ಬಟನ್ ಒತ್ತಿ ವೇಗ ಏರಿಸಿದಾಗ ಅದನ್ನು ಅಲ್ಲಿ ಬರೆದಿಡು, ಕರೆಂಟು ಬಂದಾಗ ಅದನ್ನೇ ಓದಿಕೋ, ಎಂದು ಅಪ್ಪಣೆ ಕೊಟ್ಟ.

ಪರೀಕ್ಷೆಗೆಂದು ಮಗುವಿನಷ್ಟೇ ತೂಕದ ಕುಂಬಳಕಾಯಿಯನ್ನು ಜೋಲಿಯಲ್ಲಿ ಮಲಗಿಸಿದರು. ಬದ್ರುಲ್ ಪ್ಲಗ್ಗು ಕೀಳಲು ಬಗ್ಗಿದಾಗ ಜಮಾಲುದ್ದೀನನ ಬೆರಳು ಸುಮ್ಮನಿರಲಿಲ್ಲ. "ಇದೇನು ಬಟನ್ನು?" ಎಂದು ಟಕಟಕ ಒತ್ತಿದ. ಪ್ಲಗ್ಗು ಮತ್ತೆ ಹಾಕಿದ್ದೇ ತಡ, ಚಿಪ್ ಬಹು ನಿಷ್ಠೆಯಿಂದ ಒಂಬತ್ತನ್ನು ನೆನಪಿಸಿಕೊಂಡಿತು. ಜೋಲಿ ಚಾವಣಿ ಮುಟ್ಟುವಂತೆ ಜಿಗಿಯಿತು. ಕುಂಬಳಕಾಯಿ ಹಾರಿ ರೊಪಿಯಾಳ ತಟ್ಟೆಯ ಮೇಲೆ ಬಿತ್ತು. ತಿಂಡಿಯೆಲ್ಲ ಜಮಾಲುದ್ದೀನನ ಗಡ್ಡಕ್ಕೆ ಮೆತ್ತಿತು.

"ಚಿಕ್ಕಪ್ಪ, ಕೈ ಕಟ್ಕೊಂಡು ಕೂತ್ಕೊಳಿ!" ಎಂದು ಗದರಿ ಬದ್ರುಲ್ ಮತ್ತೆ ಕೂತ. ಐದಕ್ಕಿಂತ ಮೇಲೆ ಹೋಗಕೂಡದು, ಒಂದು ನಿಮಿಷ ಯಾರೂ ಬೆರಳು ಹಾಕದೆ ನಿಂತ ವೇಗವನ್ನು ಮಾತ್ರ ಬರೆದಿಡಬೇಕು. ಇಷ್ಟನ್ನು ಕಲಿಸುವಷ್ಟರಲ್ಲಿ ಮಧ್ಯಾಹ್ನದ ಊಟವೂ ತಪ್ಪಿತು.

ಮೂರು ಗಂಟೆಗೆ ಅಜ್ಜಿಯ ತೊಡೆಯಿಂದ ಮಗು ಜೋಲಿಗೆ ಬಂತು. ಅಜ್ಜಿ ಅಡುಗೆಮನೆಗೆ ಹೋದಳು. ನಾಲ್ಕನೇ ವೇಗ. ಮಗು ಮಲಗಿತು.

ಸ್ವಲ್ಪ ಹೊತ್ತಿಗೆ ಫ್ಯಾನು ನಿಂತಿತು. ಬದ್ರುಲ್, ಜಮಾಲುದ್ದೀನ್, ರೊಪಿಯಾ ಮೂವರೂ ಜೋಲಿಯ ಮೇಲೆ ಬಗ್ಗಿದರು. ಕರೆಂಟು ಬಂತು. ಜೋಲಿ ನಾಲ್ಕರಲ್ಲೇ ತೂಗತೊಡಗಿತು. ಮಗು ತುಟಿ ಚಪ್ಪರಿಸಿ ಮಗ್ಗುಲಾಯಿತು.

"ಭಲೇ!" ಎಂದು ಜಮಾಲುದ್ದೀನ್ ಪಿಸುಗುಟ್ಟಿದ. "ನನ್ನ ಫ್ಯಾನೂ ನಿನ್ಕೈಲೇ ರಿಪೇರಿ ಮಾಡಿಸ್ತೀನಿ ಕಣೋ. ಈಗ್ಲೇ ತರ್ತೀನಿ ಇರು."

ಕರೆಂಟು ಮತ್ತೆ ಹೋಯಿತು, ಬಂತು. ಇನ್ನೊಮ್ಮೆ ಹೋಯಿತು, ಬಂತು. ಜೋಲಿ ಜಪ್ಪಯ್ಯ ಅನ್ನಲಿಲ್ಲ. ಅಮ್ಮನಿಗೆ ಈ ಸುದ್ದಿ ಹೇಳೋಣವೆಂದು ಬದ್ರುಲ್ ಕುಣಿಯುತ್ತ ಅಡುಗೆಮನೆಗೆ ಹೋದ.

ಸೌದಾ ಸ್ಟೂಲಿನ ಮೇಲೆ ನಿಂತಿದ್ದಳು. ಅವಳ ಕೈ ಮೈನ್ ಸ್ವಿಚ್ಚಿನ ಮೇಲಿತ್ತು.

"ಇನ್ನೂ ಎದ್ದಿಲ್ವಾ?" ಎಂದು ಬಾಗಿಲ ಕಡೆ ತಿರುಗದೆಯೇ ಕೇಳಿದಳು. ಕೇಳಿದ ಮೇಲೆ, ಬಂದವನು ಯಾರೆಂದು ಹೊಳೆದು, ಮೆಲ್ಲಗೆ ಸ್ಟೂಲಿನಿಂದ ಇಳಿದಳು.

"ಅಮ್ಮಾ, ದಿನಾ ನೀನೇನಾ?"

ಸೌದಾ ಸೆರಗಿನಂತೆ ಹೊದ್ದ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿದಳು. "ಐದು ಮಕ್ಕಳನ್ನ ತೂಗ್ದೆ ಕಣೋ. ಈಗ ಒಂದು ಮೊಮ್ಮಗು, ಅದನ್ನೂ ಮೋಟಾರು ತೂಗತ್ತೆ. ಮಗು ಅತ್ರೆ ಮಾತ್ರ ನನ್ನನ್ನ ಕರೀತೀರಿ, ಅದಕ್ಕೇ..." ಎಂದವಳು ನೆಲ ನೋಡಿದಳು. "ಸೊಸೆಗೆ ಹೇಳ್ಬೇಡಪ್ಪ."

ಬದ್ರುಲ್ ಮುಂಗೋಣೆಗೆ ಬಂದು ಬೆಳಗಿನಿಂದ ಬರೆದದ್ದರಲ್ಲಿ ವೇಗ ನೆನಪಿಡುವ ಒಂದೇ ಒಂದು ಸಾಲನ್ನು ಅಳಿಸಿ, ಚಿಪ್ ಮತ್ತೆ ಕೂರಿಸಿದ. ಹಾಗೇ ಅಡುಗೆಮನೆಯ ಬಾಗಿಲಲ್ಲಿದ್ದ ತಾಯಿಯ ಕಡೆ ನೋಡಿ ಕಣ್ಣು ಮಿಟುಕಿಸಿದ. ಕರೆಂಟು ಹೋಯಿತು, ಬಂತು. ಜೋಲಿ ಒಂದರಲ್ಲಿ ತೂಕಡಿಸಿತು. ಇನ್ಶಿರಾ ಕಿರುಚಿದಳು. ಅಜ್ಜಿ ಓಡಿಬಂದು ಎತ್ತಿಕೊಂಡಳು. ಅರೆಗಳಿಗೆಯಲ್ಲಿ ಮಗು ಅವಳ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಹೋಯಿತು.

ನೂರ್ಲೈಲಾ ಬಾಗಿಲಿಗೆ ಬಂದಳು. "ಆಗ್ಲಿಲ್ವಾ?"

"ಇಲ್ಲ ಕಣೆ. ನನ್ನ ಕೈಲಾಗಲ್ಲ."

ಅವಳು ಅತ್ತೆಯ ಹೆಗಲ ಮೇಲಿನ ಮಗುವನ್ನು ನೋಡಿದಳು, ಆಕಳಿಸಿದಳು. "ಹೋಗ್ಲಿ ಬಿಡಿ. ಅಮ್ಮ ಇದ್ದಾರಲ್ಲ," ಎಂದು ಹೋಗಿ ಮಲಗಿಬಿಟ್ಟಳು.

ಫ್ಯಾನು ಹೊತ್ತು ಬಾಗಿಲಿಗೆ ಬಂದಿದ್ದ ಜಮಾಲುದ್ದೀನ್ ಒಂದನೇ ವೇಗದಲ್ಲಿ ಕುಂಟುತ್ತಿದ್ದ ಜೋಲಿಯನ್ನು ನೋಡಿದ. "ಪೇಟೆಯವನಿಗೇ ತೋರಿಸ್ತೀನಿ, ಬೇಜಾರ್ ಮಾಡ್ಕೋಬೇಡ," ಎಂದು ಫ್ಯಾನಿನ ಸಮೇತ ತಿರುಗಿದ. ರೊಪಿಯಾ ಲೊಚಗುಟ್ಟುತ್ತ ಅವನ ಹಿಂದೆ ಹೋದಳು. ಸಂಜೆಯೊಳಗೆ ಸುದ್ದಿ ಓಣಿ ತುಂಬ ಹಬ್ಬುವುದು ಖಚಿತವಿತ್ತು.

ಸೌದಾ ಮೊಮ್ಮಗಳ ಬೆನ್ನು ತಟ್ಟುತ್ತ, ಪೆಚ್ಚಾಗಿ ಕೂತ ಮಗನ ತಲೆಯನ್ನು ಇನ್ನೊಂದು ಕೈಯಿಂದ ಸವರಿದಳು.

"ಅವರು ಅಂದಿದ್ದನ್ನ ಮನಸ್ಸಿಗೆ ಹಚ್ಕೋಬೇಡ ಮಗಾ," ಎಂದಳು ಬಲು ಅಕ್ಕರೆಯಿಂದ. "ಎಲ್ಲಾ ರಿಪೇರೀನೂ ಎಲ್ರಿಗೂ ಬರಲೇಬೇಕು ಅಂತೇನಿಲ್ಲ."