ಫವಾಝನ ಕಾಫಿ ಸಂದರ್ಶನ

ಫವಾಝನಿಗೆ ಒಳ್ಳೆಯ ಯೋಚನೆ ಹೊಳೆಯುವುದು ಅಪರೂಪ; ಹೊಳೆದಾಗ ಹೆಂಡತಿ ನುಝ್‌ಹಾಳಿಗೆ ದಿಗಿಲು. ಅವಳ ಮಣಿಕಟ್ಟು ಊದಿಕೊಂಡಿತ್ತು. ರಂಜಾನ್ ಹತ್ತಿರವಾಗಿತ್ತು, ಅವರ ಮಿಠಾಯಿ ಅಂಗಡಿಯಲ್ಲಿ ಹಿಟ್ಟು ನಾದಲು ಒಬ್ಬ ಆಳು ಬೇಕೇಬೇಕಾಗಿತ್ತು. ಅವರಿಗೆ ಸಂಬಳ ಕೊಡುವ ಶಕ್ತಿ ಇದ್ದದ್ದೂ ಒಬ್ಬ ಆಳಿಗೆ ಆಗುವಷ್ಟೇ. ಸುದ್ದಿ ಹಬ್ಬಿದ್ದೇ ತಡ, ಕೆರಕ್ ಊರಿನ ಅರ್ಧ ಯುವಕರು ಮನೆಯ ಅಂಗಳದಲ್ಲಿ ಬಂದು ನಿಂತರು.

"ಒಬ್ಬೊಬ್ಬರನ್ನೇ ಒಳಗೆ ಕರೆದು, ಕಾಫಿ ಕೊಟ್ಟು, ಮಾತಾಡಿಸಿ ಜರಡಿ ಹಿಡೀತೀನಿ," ಎಂದ ಫವಾಝ್.

"ಕಾಫಿ ಬೇಡ ರೀ. ನೀರು ಕೊಡಿ, ಸಾಕು."

"ಬಂದವರಿಗೆ ಬರೀ ನೀರು ಕುಡಿಸಿದ ಅಂತ ಊರು ಆಡಿಕೊಳ್ಳಲಿ ಅಂತೀಯಾ?"

ಮೊದಲನೆಯವನು ಬಟ್ಟಲನ್ನು ತುಟಿಗೆ ತಾಗಿಸದೆ ನೆಲದ ಮೇಲಿಟ್ಟ. ಆ ಊರಿನ ರೂಢಿಯಂತೆ, ಬೇಡಿಕೆ ಹೊತ್ತು ಬಂದ ಅತಿಥಿ ಅದು ಈಡೇರುವ ತನಕ ಕಾಫಿ ಮುಟ್ಟುವುದಿಲ್ಲ. ಕಾಫಿ ಆರಿದರೆ ಮಾನ ಹೋಗುವುದು ಮನೆಯ ಯಜಮಾನನದು.

"ಕುಡಿಯಪ್ಪ."

"ಕೆಲಸ ಕೊಟ್ಟೆ ಅನ್ನಿ ಮಾವ, ಕುಡೀತೀನಿ."

ಹಬೆ ತೆಳುವಾಗುತ್ತಿತ್ತು. ಹುಡುಗನ ಅಂಗಿಯ ಸವೆದ ಕಾಲರನ್ನು ಯಾರೋ ಮಗುಚಿ ಹೊಲಿದುಕೊಟ್ಟಿದ್ದರು.

"ಕೊಟ್ಟೆ, ಕುಡಿ," ಎಂದುಬಿಟ್ಟ ಫವಾಝ್.

ಎರಡನೆಯವನಿಗೂ ಕೊಟ್ಟ. ಮೂರನೆಯವನಿಗೆ ಕೇಳುವ ಮೊದಲೇ ಕೊಟ್ಟ. (ಅವನು ಬಂದದ್ದು ತಮ್ಮನ ಜೊತೆಗೆಂದು ಮಾತ್ರ.) ಮಧ್ಯಾಹ್ನದ ಹೊತ್ತಿಗೆ ಒಂದು ಕೆಲಸಕ್ಕೆ ಅಂಗಳ ತುಂಬ ಕೆಲಸಗಾರರು.

"ನಿಮ್ಮ ಜರಡಿಗೆ ತೂತೇ ಇಲ್ಲ," ಎಂದು ನುಝ್‌ಹಾ ತಾನೇ ಅಂಗಳಕ್ಕಿಳಿದಳು. ಫವಾಝ್ ಬಾಗಿಲ ಮರೆಗೆ ಸರಿದ.

"ಮಕ್ಕಳೇ, ಕೈ ನೋಡಿ ನಂದು. ಇರೋದು ಒಂದೇ ಸಂಬಳ. ಇವರು ಎಲ್ಲರಿಗೂ ಮಾತು ಕೊಟ್ಟುಬಿಟ್ಟಿದ್ದಾರೆ, ನಾನದನ್ನ ಮುರಿಯಲ್ಲ. ನೀವೇ ಏನಾದರೂ ಹೇಳಿ."

ಅವರು ಗೋಡೆಯ ನೆರಳಿಗೆ ಹೋಗಿ ಬಹಳ ಹೊತ್ತು ಪಿಸುಗುಟ್ಟಿದರು. ಕೊನೆಗೆ ಮಗುಚಿದ ಕಾಲರಿನವನು ಮುಂದೆ ಬಂದ.

"ಹಾಯಿಲ್‌ಗೆ ಕೊಡಿ ಅತ್ತೆ. ಅವನ ಮನೇಲಿ ದುಡಿಯೋರು ಬೇರೆ ಯಾರೂ ಇಲ್ಲ. ನಮಗೆ ಕೊಟ್ಟ ಮಾತನ್ನ ನಾವೇ ಬಿಟ್ಟುಕೊಟ್ವಿ."

ಹಾಯಿಲ್ ಎಂಬ ಸಣಕಲ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಫವಾಝ್ ಬಾಗಿಲ ಮರೆಯಿಂದ ಹೊರಗೆ ಬಂದು, "ನಿಮ್ಮ ಋಣ ಹೇಗೆ ತೀರಿಸಲಿ?" ಎಂದ.

"ಕೆಲಸ ಹುಡುಕಿಕೊಂಡು ದಿನಾ ಇದೇ ದಾರೀಲಿ ಹೋಗ್ತೀವಿ ಮಾವ. ಅಂಗಡೀಲಿ ಒಂದೊಂದು ಬಟ್ಟಲು ಕಾಫಿ ಸಿಕ್ಕರೆ ಸಾಕು."

"ಧಾರಾಳವಾಗಿ ಬನ್ನಿ. ನುಝ್‌ಹಾ, ಕೇಳಿಸಿತಾ?"

ಕೇಳಿಸಿತ್ತು. ಅವಳು ಕಾಫಿ ಪಾತ್ರೆಯನ್ನು ತಂದು ಗಂಡನ ಕೈಗಿತ್ತಳು.

"ಹಿಟ್ಟಿಗೆ ಹಾಯಿಲ್, ಕಾಫಿಗೆ ನೀವು. ನಾಳೆ ಬೆಳಿಗ್ಗೆ ಅವನಿಗಿಂತ ಮುಂಚೆ ಬಂದಿರಬೇಕು. ಸಂಬಳದ ಮಾತು ಎತ್ತಬೇಡಿ."