ತುಂಬಿಸಿ ಕೊಟ್ಟ ಲ್ಯಾಪ್‌ಟಾಪ್

ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವವರು ಅರಸೀಕೆರೆ ತಾಲ್ಲೂಕಿನಲ್ಲೇ ಇಲ್ಲ! ಕಳೆದ ಗೌರಿಹಬ್ಬದವರೆಗೂ ನಾನು ಹಾಗೆಂದೇ ನಂಬಿದ್ದೆ.

ಹಬ್ಬ ಹತ್ತಿರ ಬಂದಾಗ ನನ್ನ ಹೆಂಡತಿ ಪುಷ್ಪಲತಾ ಒಂದು ಬೆಳಿಗ್ಗೆ ಹೇಳಿದಳು: "ರೀ, ನಿಮ್ಮ ಹಳೇ ಲ್ಯಾಪ್‌ಟಾಪ್ ನಮ್ಮಣ್ಣನ ಮಗಳು ನಂದಿತಾಗೆ ಕೊಡ್ತೀನಿ ಅಂದ್ಬಿಟ್ಟಿದೀನಿ. ಅಣ್ಣ ಬಾಗಿನ ತಂದಾಗ ತಗೊಂಡ್ಹೋಗ್ಲಿ."

"ಅದನ್ನಾ!" ಎಂದೆ.

"ಯಾಕೆ, ಅದರೊಳಗೆ ಚಿನ್ನ ಇಟ್ಟಿದೀರಾ?"

ಚಿನ್ನವಲ್ಲ, ನನ್ನ ಮಾನ ಇಟ್ಟಿದ್ದೆ! ಅದರಲ್ಲಿ 'ಹಳೇ ಪಹಣಿ' ಎಂಬ ಫೋಲ್ಡರ್ ಇತ್ತು. ಜಮೀನಿನ ಪಹಣಿ ಎಂದರೆ ಯಾರೂ ತೆಗೆದು ನೋಡುವುದಿಲ್ಲವಲ್ಲ! ಒಳಗಿದ್ದದ್ದು ಮಾತ್ರ, ನನ್ನ ಬೋಳುತಲೆಗೆಂದು ಗುಟ್ಟಾಗಿ ತರಿಸಿದ ವಿಗ್ ಹಾಕಿಕೊಂಡು ತೆಗೆದ ಫೋಟೋಗಳು. ಒಂದರಲ್ಲಂತೂ ಬೇಲೂರಿನ ದರ್ಪಣಸುಂದರಿಯ ಹಾಗೆ ಸೊಂಟ ಓರೆ ಮಾಡಿ, ಕೈಗನ್ನಡಿ ಹಿಡಿದು ನಿಂತಿದ್ದೇನೆ. ಅದೇನಾದರೂ ಅರೇಹಳ್ಳಿಯ ಭಾವನ ಮನೆ ಸೇರಿದರೆ ನಾನು ಆ ಕಡೆಯ ಬಸ್ಸು ಹತ್ತುವ ಹಾಗೇ ಇಲ್ಲ!

ಡಿಲೀಟ್ ಮಾಡಿದೆ. ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ. ಆದರೂ ಜೀವ ತಡೆಯಲಿಲ್ಲ. ಆಫೀಸಿನ ಹೇಮಂತನನ್ನು ಕೇಳಿದೆ.

"ಡಿಲೀಟ್ ಮಾಡಿದ್ರೆ ಹೆಸರು ಮಾತ್ರ ಹೋಗುತ್ತೆ ಸಾರ್, ಫೈಲ್ ಅಲ್ಲೇ ಇರುತ್ತೆ. ಗೊತ್ತಿರೋರು ವಾಪಸ್ ತೆಗೀತಾರೆ. ಅದರ ಮೇಲೆ ಬೇರೆ ಏನಾದ್ರೂ ತುಂಬಿಸ್ಬೇಕು, ಡಿಸ್ಕ್ ಪೂರ್ತಿ. ಆಮೇಲೆ..."

"ಸಾಕು ಬಿಡಪ್ಪ, ಗೊತ್ತಾಯ್ತು!" ಎಂದು ಎದ್ದೇಬಿಟ್ಟೆ.

ತುಂಬುವುದಾದರೂ ಏನನ್ನು? ತಲೆಯಲ್ಲಿ ಕೂದಲು ಇಲ್ಲದಿದ್ದರೇನು, ಬುದ್ಧಿಗೆ ಬರವೇ! ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಹಾಲ್‌ನ ಮೇಜಿನ ಮೇಲೆ, ಗೋಡೆಯ ಕ್ಯಾಲೆಂಡರಿಗೆ ಎದುರಾಗಿ ಇಟ್ಟು ವಿಡಿಯೋ ರೆಕಾರ್ಡಿಂಗ್ ಒತ್ತಿದೆ. ಡಿಸ್ಕ್ ತುಂಬುವ ತನಕ ಕ್ಯಾಲೆಂಡರೇ ಓಡಲಿ!

"ಏನ್ರೀ ಅದು?"

"ಅಪ್‌ಡೇಟ್ ಆಗ್ತಿದೆ, ಮುಟ್ಬೇಡ."

ಪುಷ್ಪ ಹೂವು ತರಲು ಹೋದಾಗ ವಿಗ್ಗನ್ನೂ ಹೊರತೆಗೆದೆ. ಸಾಕ್ಷಿಯೇ ಉಳಿಯಬಾರದು! ಕ್ಯಾಲೆಂಡರಿನ ಪಕ್ಕದ ಕನ್ನಡಿಯ ಮುಂದೆ ನಿಂತು ಕೊನೆಯ ಸಲ ಹಾಕಿ ನೋಡಿಕೊಂಡೆ. ಸಂಕಟವಾಯಿತು. ಅಲ್ಲೇ ಕವರಿನಲ್ಲಿ ಸುತ್ತಿ, ಹೊರಗೆ ಕೂಗಿದ ಕಸದ ಗಾಡಿಗೆ ಹಾಕಿದೆ. ಸಂಜೆ ಲ್ಯಾಪ್‌ಟಾಪು 'ಡಿಸ್ಕ್ ಫುಲ್' ಎಂದಿತು.

ಹಬ್ಬದ ದಿನ ಭಾವ ಗಂಗಯ್ಯನವರು ಅರೇಹಳ್ಳಿಯಿಂದ ಬಂದು, ತಂಗಿಗೆ ಬಾಗಿನ ಕೊಟ್ಟು, ಹೋಳಿಗೆ ಉಂಡು, ಲ್ಯಾಪ್‌ಟಾಪು ಒಯ್ದರು.

ರಜೆ ಮುಗಿದ ಮೇಲೆ ಹೇಮಂತನ ಮುಂದೆ ನನ್ನ ಪರಾಕ್ರಮ ಬಣ್ಣಿಸಿದೆ. ಅವನು ತೆರೆದ ಬಾಯಿ ಮುಚ್ಚಲಿಲ್ಲ.

"ಸಾರ್, ತುಂಬಿಸಿದ್ದನ್ನ ಆಮೇಲೆ ಅಳಿಸಿದ್ರಿ ತಾನೇ?"

"ಅಳಿಸೋದ್ಯಾಕೆ? ಬರೀ ಕ್ಯಾಲೆಂಡರ್ ಕಣಯ್ಯಾ!"

"ಮೈಕೂ ಇರುತ್ತೆ ಸಾರ್! ಮನೇಲಿ ಆಡಿದ ಮಾತೆಲ್ಲ ಬಂದಿರುತ್ತೆ!"

ತಕ್ಷಣ ಮನೆಗೆ ಫೋನ್ ಮಾಡಿದೆ.

"ಪುಷ್ಪಾ, ಭಾನುವಾರ ಕಾಫಿ ಕುಡೀತಾ ನಾನು ಏನಂದೆ?"

"'ನಿಮ್ಮಣ್ಣಂಗೆ ಕಾಫಿ ತೋಟ ಬೇರೆ ಕೇಡು, ಕೊಡೋ ಪುಡೀಲಿ ಬರೀ ಚಿಕೋರಿ, ಜುಗ್ಗ' ಅಂದ್ರಿ."

"ನೀನೇನಂದೆ?"

"'ಅತ್ತಿಗೆ ಕೊಟ್ಟ ಸೀರೆ ನೆಲ ಒರೆಸೋಕೂ ಲಾಯಕ್ಕಿಲ್ಲ' ಅಂದೆ. ಯಾಕ್ರೀ?"

ವಿಷಯ ಹೇಳಿದೆ. ಫೋನಿನಲ್ಲೇ ಅಳು ಶುರುವಾಯಿತು.

"ನನಗೆ ತವರು ಅಂತ ಇರೋದು ಅದೊಂದೇ ಮನೆ ಕಣ್ರೀ! ಮುಂದಿನ ವರ್ಷ ಬಾಗಿನ ಬರ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ? ಈಗ್ಲೇ ಹೋಗಿ, ಕಾಲಾದ್ರೂ ಹಿಡೀರಿ!"

ಭಾವನ ಫೋನು ಸಿಗಲಿಲ್ಲ. ಬಸ್ಸು ಹತ್ತಿದೆ. ಹಳೇಬೀಡು ಬರುವಷ್ಟರಲ್ಲಿ ಕ್ಷಮಾಪಣೆಯನ್ನು ಬಾಯಿಪಾಠ ಮಾಡಿದ್ದೆ, ಬೇಲೂರಿನಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಪೂರ್ತಿ ಮರೆತಿದ್ದೆ! ಅವರಿನ್ನೂ ಲ್ಯಾಪ್‌ಟಾಪು ತೆರೆದಿರದಿರಲಿ ದೇವರೇ ಎಂದು ದಾರಿಯುದ್ದಕ್ಕೂ ಹರಕೆ ಹೊತ್ತೆ.

ಗಂಗಯ್ಯನವರು ಜಗಲಿಯಲ್ಲೇ ಕೂತಿದ್ದರು.

"ಬನ್ನಿ ಭಾವ! ಹೇಳ್ದೆ ಕೇಳ್ದೆ ಬಂದ್ಬುಟ್ರಲ್ಲ!"

"ಹಿಂಗೇ... ಲ್ಯಾಪ್‌ಟಾಪ್ ಸರಿಯಾಗಿ ನಡೀತಿದೆಯಾ ಅಂತ..."

"ಓ, ಚೆನ್ನಾಗೇ ನಡೀತೈತೆ! ಎಲ್ರೂ ಕೂತ್ಕಂಡು ನೋಡುದ್ವಿ."

ಒಳಗೆ ನಂದಿತಾ ಕಿಸಕ್ಕೆಂದು ನಕ್ಕಳು. ಭಾವನ ಹೆಂಡತಿ ಕಾಫಿ ಲೋಟ ತಂದು ನನ್ನ ಮುಂದೆ ಟಪ್ಪೆಂದು ಇಟ್ಟು ಒಳಗೆ ಹೋದರು.

"ಭಾವ, ತಪ್ಪಾಯ್ತು..."

"ಮೊದ್ಲು ಕುಡೀರಿ. ಇದ್ರಲ್ಲಿ ಚಿಕೋರಿ ಇಲ್ಲ."

ಕುಡಿದೆ. ಬಿಸಿಯೋ ಕಹಿಯೋ ಒಂದೂ ತಿಳಿಯಲಿಲ್ಲ.

"ನನ್ನ ಮೇಲೆ ಎಷ್ಟಾದ್ರೂ ಸಿಟ್ಟು ಮಾಡ್ಕೊಳ್ಳಿ ಭಾವ, ಪುಷ್ಪಂಗೆ ಬಾಗಿನ ಮಾತ್ರ..."

"ಅಯ್ಯೋ, ಅದ್ಯಾಕೆ ನಿಲ್ತೈತೆ? ನಿಮ್ಮನ್ನ ನಾವು ಆಡ್ಕಂಡಿಲ್ವಾ? ನಾವ್ ರೆಕಾರ್ಡ್ ಮಾಡಿಲ್ಲ, ಅಷ್ಟೇಯ!"

ಹೋದ ಜೀವ ಬಂದ ಹಾಗಾಯಿತು. ಕರ್ಚೀಫು ತೆಗೆದು ಬೆವರಿದ ತಲೆ ಒರೆಸಿಕೊಂಡೆ. ಗಂಗಯ್ಯನವರು ಆ ತಲೆಯನ್ನೇ ನೋಡುತ್ತಿದ್ದರು.

"ಅಲ್ಲ ಭಾವ, ಆ ಕೂದ್ಲು ನಿಮಗೆ ಚೆನ್ನಾಗಿ ಒಪ್ತಿತ್ತು ಕಣ್ರೀ. ಯಾಕ್ ಬಿಸಾಕುದ್ರಿ?"