ಹೂಕೋಸಿನ ಅನ್ನದ ಮೂರು ತಿಂಗಳು

ನಮ್ಮ ಕಡೆ ಒಬ್ಬ ಮನುಷ್ಯನಿಗೆ ಕಡಿಮೆ ಉಣಿಸಬೇಕೆಂದು ನೀವು ಹೊರಟರೆ, ಊರೆಲ್ಲ ಒಂದಾಗಿ ಅವನಿಗೆ ಹೆಚ್ಚು ಉಣಿಸುತ್ತದೆ. ಒಂದು ಸಲ ಆದರೆ ಆಕಸ್ಮಿಕ ಎನ್ನಬಹುದು. ನನಗೆ ಮೂರು ತಿಂಗಳು ಬಿಡದೆ ಆಯಿತು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಚಿತ್ತಾಪುರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಮೇಟ್ರನ್ ಆಗಿದ್ದವಳು. ತಾಟಿನಲ್ಲಿ ಒಂದು ಅಗುಳು ಉಳಿದರೂ ಹುಡುಗಿಯರನ್ನು ಏಳಗೊಡುತ್ತಿರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಅದನ್ನೇ. ನಮ್ಮ ಮನೆಯ ಶರಣ ಸಂಪ್ರದಾಯ ಕಲಿಸಿದ್ದೂ ಅದನ್ನೇ. ತಾಟಿಗೆ ಬಿದ್ದದ್ದು ಹೊಟ್ಟೆಗೆ ಹೋಗಬೇಕು. ಎರಡು ಧರ್ಮಗಳು ಕೂಡಿ ಒಪ್ಪಿದ ಮಾತನ್ನು ಮೀರುವವಳು ನಾನಲ್ಲ.

ನಮ್ಮ ಯಜಮಾನರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ನಮ್ಮ ಮನೆ ವಾಡಿಯಲ್ಲಿ. ಅವರಿಗೆ ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷವಾಯಿತು. ಈ ಸಲ ಶಹಾಬಾದಿನ ಡಾಕ್ಟರಮ್ಮ ರಕ್ತ ನೋಡಿ, ಮೂರು ತಿಂಗಳ ಸರಾಸರಿ ಒಂಬತ್ತು ಪಾಯಿಂಟ್ ನಾಲ್ಕು ಎಂದಳು. ಗುಳಿಗೆ ನಡೆಯಲಿ, ಊಟ ಬದಲಾಗಲಿ. ಇನ್ನು ಮೂರು ತಿಂಗಳಲ್ಲಿ ಏಳೂವರೆಗಿಂತ ಕೆಳಗೆ ಇಳಿಯದಿದ್ದರೆ ದಿನಾ ಇನ್ಸುಲಿನ್ ಸೂಜಿ ಎಂದಳು. ಯಜಮಾನರ ಮುಖ ಬಿಳಿಚಿತು. ಮೂವತ್ತೈದು ವರ್ಷ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕುಳಿತು ಹೋದವರು, ಸೂಜಿ ಕಂಡರೆ ನಿಲ್ಲಲಾರರು. ಅವತ್ತು ರಕ್ತ ಕೊಟ್ಟ ಮೇಲೂ ಬೆಂಚಿನ ಮೇಲೆ ಮಲಗಿಸಿ ಗಾಳಿ ಹಾಕಬೇಕಾಗಿತ್ತು.

ನಾನು ಎದ್ದು ನಿಂತೆ. "ಸೂಜಿ ಬೇಕಾಗುವುದಿಲ್ಲ. ಅಡಿಗೆ ನನ್ನ ಕೈಯಲ್ಲಿದೆ" ಎಂದೆ.

ಬಂದಿದ್ದೀರಿ, ನಿಮ್ಮ ರಕ್ತವನ್ನೂ ಒಮ್ಮೆ ನೋಡಿಬಿಡಲೇ ಎಂದು ಡಾಕ್ಟರಮ್ಮ ನನ್ನನ್ನು ಕೇಳಿದಳು. ಶಿಸ್ತಿನಿಂದ ಬದುಕುವವರಿಗೆ ಅದರ ಅಗತ್ಯ ಬೀಳುವುದಿಲ್ಲ ಎಂದು ತಿಳಿಸಿ ಬಂದೆ.

೧. ಸಪ್ಪನೆಯ ಚಹಾ

ಮೊದಲ ವಾರವೇ ಸೇಡಂಗೆ ಹೋಗಬೇಕಾಯಿತು. ಅಲ್ಲಿ ನಮ್ಮ ನೆಂಟರ ಮನೆಗಳು ನಾಲ್ಕು, ಒಂದೇ ಓಣಿಯಲ್ಲಿ. ಒಂದು ಮನೆಗೆ ಹೋಗಿ ಇನ್ನೊಂದನ್ನು ಬಿಟ್ಟು ಬಂದರೆ ಮುಂದಿನ ಮದುವೆಯ ತನಕ ಮಾತು ಕೇಳಬೇಕು. ಆದ್ದರಿಂದ ನಾಲ್ಕಕ್ಕೂ ಹೋದೆವು. ನಾಲ್ಕರಲ್ಲೂ ಚಹಾ ಆಗಲೇಬೇಕು.

ಮೊದಲ ಮನೆಯಲ್ಲಿ ಇವರಿಗೆ ಸಕ್ಕರೆ ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಬಂದ ಚಹಾ ಪಾಯಸದ ಹಾಗಿತ್ತು. ಆ ಮನೆಯ ಸೊಸೆಯನ್ನು ವಿಚಾರಿಸಿದರೆ, "ಸಕ್ರಿ ಒಂದ್ ಕಾಳೂ ಹಾಕಿಲ್ರಿ ಅತ್ತಿ. ಬರೇ ಬೆಲ್ಲ" ಎಂದಳು.

ಎರಡನೆಯ ಮನೆಯಲ್ಲಿ ಸಕ್ಕರೆಯೂ ಬೇಡ, ಬೆಲ್ಲವೂ ಬೇಡ ಎಂದೆ. ಕುಂಚಾವರಂ ಕಾಡಿನ ಜೇನುತುಪ್ಪ ಹಾಕಿ ತಂದರು. ಕಾಡಿನದು, ಔಷಧಿ ಇದ್ದ ಹಾಗೆ ಎಂದರು. ಮೂರನೆಯ ಮನೆಯಲ್ಲಿ ಚಹಾವೇ ಬೇಡ ಎಂದೆ. ದೊಡ್ಡ ಲೋಟದಲ್ಲಿ ಬಿಸಿ ಹಾಲಿಗೆ ಮಾಲ್ಟ್ ಪುಡಿ ಕಲಸಿ ತಂದು, ದವಾಖಾನೆಯಲ್ಲಿ ಪೇಶಂಟುಗಳಿಗೆ ಇದನ್ನೇ ಕೊಡುತ್ತಾರೆ ಎಂದರು.

ನಾಲ್ಕನೆಯ ಮನೆಯಲ್ಲಿ ನಾನು ಕೂರಲಿಲ್ಲ. ನೇರವಾಗಿ ಅಡಿಗೆಮನೆಗೆ ಹೋಗಿ ಒಲೆಯ ಪಕ್ಕದಲ್ಲಿ ನಿಂತೆ. ಚಹಾ ಕುದಿಯಿತು, ಸೋಸಿದ್ದಾಯಿತು, ಕಪ್ಪಿಗೆ ಬಿತ್ತು. ಸಕ್ಕರೆಯ ಡಬ್ಬಿಯ ಮುಚ್ಚಳ ತೆರೆಯಲೇ ಇಲ್ಲ. ಗೆದ್ದೆ ಎಂದುಕೊಂಡು ಹೊರಗೆ ಬಂದು ಕುಳಿತೆ. ಮನೆಯಾಕೆ ಆ ಕಪ್ಪಿನ ಜೊತೆಗೆ ಒಂದು ತಟ್ಟೆ ತಂದು ಯಜಮಾನರ ಮುಂದಿಟ್ಟಳು. ಅದರಲ್ಲಿ ಪಾಕ ಸೋರುತ್ತಿದ್ದ ನಾಲ್ಕು ಬಾಲೂಶಾ.

"ಚಾ ಸಪ್ಪಗದಲ್ರಿ," ಎಂದಳು, "ಬಾಯಿಗಿ ಜೋಡಿ ಇರ್ಲಿ."

ಯಜಮಾನರು ಕೈ ಚಾಚುವುದರೊಳಗೆ ತಟ್ಟೆಯನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ. ಕೊಟ್ಟ ತಟ್ಟೆಯನ್ನು ತುಂಬಿದ ಹಾಗೆಯೇ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಅವತ್ತು ರಾತ್ರಿ ನನಗೆ ಊಟ ಬೇಕಾಗಲಿಲ್ಲ.

೨. ಒಂದೇ ರೊಟ್ಟಿ

ಜೋಳದ ರೊಟ್ಟಿ ತಿಂದರೆ ಶುಗರ್ ಬರುವುದಿಲ್ಲ ಎಂದು ನಮ್ಮ ಭಾಗದಲ್ಲಿ ಎಲ್ಲರೂ ನಂಬಿದ್ದಾರೆ. ಆ ನಂಬಿಕೆಯ ಮೇಲೆ ಯಜಮಾನರು ಹೊತ್ತಿಗೆ ಐದು ರೊಟ್ಟಿ ಉಣ್ಣುತ್ತಿದ್ದರು. ಇನ್ನು ಮೇಲೆ ಒಂದೇ ರೊಟ್ಟಿ, ಉಳಿದ ಹಸಿವಿಗೆ ಪಲ್ಯ, ಮೊಳಕೆ ಕಾಳು, ಸೌತೆಕಾಯಿ, ಮಜ್ಜಿಗೆ ಎಂದು ನಿಯಮ ಮಾಡಿದೆ.

ನಮ್ಮ ಮನೆಗೆ ರೊಟ್ಟಿ ಬಡಿಯಲು ಒಬ್ಬ ಹೆಣ್ಣುಮಗಳು ಬರುತ್ತಾಳೆ. ಸಾಹೇಬರು ಸೊರಗಿದರು ಎಂದು ಅವಳಿಗೆ ಎರಡನೆಯ ದಿನವೇ ಅನಿಸಿತಂತೆ. ಮೂರನೆಯ ದಿನ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಯಜಮಾನರ ತಾಟು ಕಾಣುತ್ತಿರಲಿಲ್ಲ. ಮೇಲೆ ಮೊರದಷ್ಟು ಅಗಲದ ಒಂದು ರೊಟ್ಟಿ ಹೊದಿಸಿತ್ತು. ಮದುವೆ ಮನೆಗೆ ಒಯ್ಯುವ ದೊಡ್ಡ ಹಂಚನ್ನು ಅವಳು ತನ್ನ ಮನೆಯಿಂದ ಹೊತ್ತು ತಂದಿದ್ದಳು.

"ನೀವು ಒಂದ ಅಂದ್ರಿ ಅಕ್ಕೋರ, ಒಂದ ಅದ. ಎಣಿಸ್ಕೋರಿ" ಎಂದಳು.

ಒಂದು ಸಣ್ಣ ಸ್ಟೀಲ್ ಮುಚ್ಚಳ ಕೊಟ್ಟು, ರೊಟ್ಟಿ ಇದಕ್ಕಿಂತ ಅಗಲವಾಗಬಾರದು ಎಂದೆ. ಆಗಲಿಲ್ಲ. ಆದರೆ ಮರುದಿನ ರೊಟ್ಟಿ ಮುರಿಯಲು ಯಜಮಾನರಿಗೆ ಎರಡೂ ಕೈ ಬೇಕಾದವು. ಅದು ಫರ್ಸಿ ಕಲ್ಲಿನಷ್ಟು ದಪ್ಪವಾಗಿತ್ತು. ಕೊನೆಗೆ ತಕ್ಕಡಿ ತಂದೆ. ಹಿಟ್ಟಿನ ಮುದ್ದೆಯನ್ನು ದಿನಾ ನನ್ನ ಕಣ್ಣ ಮುಂದೆ ತೂಗಿಸಿ ಆಮೇಲೆ ಬಡಿಯಲು ಬಿಟ್ಟೆ. ಅವಳು ಒಂದು ಚಿಟಿಕೆ ಹಿಟ್ಟು ತೆಗೆದು, ಒಂದು ಚಿಟಿಕೆ ಇಟ್ಟು, ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಟ್ಟುಸಿರು ಬಿಟ್ಟಳು.

"ರೊಟ್ಟಿ ಬಡೀಲಾಕ ಬರ್ತಿದ್ದೆ ಅಕ್ಕೋರ. ಈಗ ಬಂಗಾರದಂಗಡ್ಯಾಗ ಕೆಲಸಕ್ಕ ಹತ್ತಿದಂಗ ಆಗ್ಯಾದ."

೩. ಕಪ್ಪಿಗೊಂದು ಗುಳಿಗೆ

ಚಹಾಕ್ಕೆ ಸಕ್ಕರೆಯ ಬದಲು ಹಾಕುವ ಸಿಹಿ ಗುಳಿಗೆ ಸಿಗುತ್ತದಲ್ಲ, ಅದರ ಒಂದು ಡಬ್ಬಿ ತರಿಸಿ ಯಜಮಾನರ ಅಂಗಿಯ ಜೇಬಿಗೆ ಹಾಕಿದೆ. ಕಪ್ಪಿಗೆ ಒಂದು, ಹೆಚ್ಚಿಲ್ಲ ಎಂದೆ. ಅವರು ದಿನಾ ಸಂಜೆ ವಾಡಿ ಸ್ಟೇಷನ್ನಿಗೆ ಹೋಗಿ ನಿವೃತ್ತರಾದ ಇನ್ನಿಬ್ಬರ ಜೊತೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು, ಯಾವ ಗಾಡಿ ಎಷ್ಟು ತಡ ಎಂದು ನೋಡಿ ಬರುತ್ತಾರೆ.

ಒಂದು ದಿನ ಕನ್ನಡಕ ಮರೆತು ಹೋಗಿದ್ದರು. ಕೊಡಲು ಹೋದೆ. ಬೆಂಚಿನ ಮೇಲೆ ಮೂರು ಕಪ್ಪು ಸಾಲಾಗಿದ್ದವು. ಚಹಾದವನು ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಹಾಕಿದ. ಅದರ ಮೇಲೆ ಯಜಮಾನರು ಒಂದೊಂದು ಗುಳಿಗೆ ಹಾಕಿದರು. ಮೂವರೂ ಗುಳಿಗೆ ಕರಗುವ ತನಕ ಗಂಭೀರವಾಗಿ ಕಾದರು.

ಇದೇನು ಎಂದು ಕೇಳಿದೆ. "ನೀನ ಕೊಟ್ಟಿದ್ದಲ್ಲ," ಎಂದರು ಯಜಮಾನರು. "ಗುಳಿಗಿ ಬಿದ್ದ ಮ್ಯಾಲ ಸಕ್ರಿ ಸಾಯ್ತದ. ಅದಕ್ಕ ನೋಡು, ಈಗ ಎರಡು ಚಮಚ ಹಾಕಿದ್ರೂ ನಡೀತದ."

ಅವರ ಕೈಯಿಂದ ಕಪ್ಪು ಕಸಿದುಕೊಂಡೆ. ಸಾರ್ವಜನಿಕ ಸ್ಥಳದಲ್ಲಿ ಚಹಾ ಚೆಲ್ಲುವುದು ಸಭ್ಯರ ಲಕ್ಷಣವಲ್ಲವಾದ್ದರಿಂದ ಅದನ್ನು ಕುಡಿದೆ. ಆಮೇಲೆ ನಿಂತ ಜಾಗದಲ್ಲೇ ಮೂವರಿಗೂ ಹತ್ತು ನಿಮಿಷ ತಿಳಿಸಿ ಹೇಳಿದೆ: ಈ ಗುಳಿಗೆ ಔಷಧಿಯಲ್ಲ, ಸಕ್ಕರೆ ಬಿಟ್ಟವರಿಗೆ ಬಾಯಿರುಚಿಗೆ ಇರುವ ಒಂದು ಬದಲಿ, ಅಷ್ಟೇ. ಮೂವರೂ ತಲೆ ಆಡಿಸಿದರು. ಹೊರಡುವಾಗ ಅವರಲ್ಲೊಬ್ಬರು, ಹಿಂದೆ ಎಂಜಿನ್ ಡ್ರೈವರ್ ಆಗಿದ್ದವರು, ಹಿಂದಿನಿಂದ ಬಂದು ಮೆಲ್ಲಗೆ ಕೇಳಿದರು:

"ಎಲ್ಲಾ ತಿಳೀತ್ರಿ ಅಕ್ಕೋರ. ಜಿಲೇಬಿಗಿ ಒಂದ ಗುಳಿಗಿ ಸಾಕೋ, ಎರಡು ಬೇಕೋ?"

೪. ಚಿಮ್ಮನಚೋಡದ ಅಕ್ಕಿ

ಯಜಮಾನರಿಗೆ ಅನ್ನದ ಆಸೆ ಬಿಡಲಿಲ್ಲ. ಆಗ ನಾನು ಹೂಕೋಸಿನ ಅನ್ನ ಕಂಡುಕೊಂಡೆ. ಹೂಕೋಸನ್ನು ಅಕ್ಕಿಕಾಳಿನಷ್ಟು ಸಣ್ಣಗೆ ತುರಿದು, ಆವಿಯಲ್ಲಿ ಬೇಯಿಸಿ, ಜೀರಿಗೆಯ ಒಗ್ಗರಣೆ ಕೊಟ್ಟರೆ ನೋಡಲು ಅನ್ನದ ಹಾಗೆಯೇ ಇರುತ್ತದೆ. ಯಜಮಾನರು ಕಣ್ಣು ಮುಚ್ಚಿ ಉಣ್ಣುತ್ತಿದ್ದರು. ರುಚಿಯನ್ನು ಅನುಭವಿಸುತ್ತಿದ್ದಾರೆ ಎಂದು ತಿಳಿದೆ.

ಅದೇ ಹೊತ್ತಿಗೆ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಿಂದ ನನ್ನ ನಾದಿನಿ, ಯಜಮಾನರ ಅಕ್ಕ, ಎಂಟು ದಿನ ಇದ್ದು ಹೋಗಲು ಬಂದರು. ಒಂದೇ ಸಾಲಿನಲ್ಲಿ ಕುಳಿತವರಿಗೆ ಎರಡು ಬಗೆ ಬಡಿಸುವುದು ನಮ್ಮಲ್ಲಿ ಸಲ್ಲ. ಅವರಿಗೂ ಹೂಕೋಸಿನ ಅನ್ನವನ್ನೇ ಬಡಿಸಿ ಮೇಲೆ ಪುಂಡಿಪಲ್ಯ ಹಾಕಿದೆ. ಅವರು ಒಂದು ತುತ್ತು ಬಾಯಿಗಿಟ್ಟು ತಮ್ಮನನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ತಾಟಿನಲ್ಲಿ ಏನೂ ಬಿಡದೆ ಉಂಡು, ಪೆನ್ಶನ್ ತಿಂಗಳಾ ಬರುತ್ತದೆ ತಾನೇ ಎಂದು ಕೇಳಿದರು. ಬರುತ್ತದೆ ಎಂದೆ. ಎಂಟು ದಿನಕ್ಕೆ ಬಂದವರು ಮೂರನೆಯ ದಿನ ಹೊರಟುಹೋದರು.

ಒಂದು ವಾರದ ಮೇಲೆ ಚಿಂಚೋಳಿ ಬಸ್ಸಿನಿಂದ ಒಂದು ಚೀಲ ಅಕ್ಕಿ, ಒಂದು ಡಬ್ಬಿ ಶೇಂಗಾ ಹೋಳಿಗೆ ಇಳಿದವು. ಅವತ್ತು ಸಂಜೆ ಶಹಾಬಾದಿನ ನೆಂಟರೊಬ್ಬರು ಫೋನ್ ಮಾಡಿ, ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಕಾವಲಿಗೆ ಒಬ್ಬರು ಬೇಕಾಗಿದ್ದಾರೆ, ಕೂತು ಮಾಡುವ ಕೆಲಸ, ಅಣ್ಣನವರಿಗೆ ಕಷ್ಟವಾಗದು ಎಂದರು. ನನಗೆ ಆಗ ಅರ್ಥವಾಯಿತು. ನಾದಿನಿಗೆ ಫೋನ್ ಹಚ್ಚಿದೆ.

"ಮನ್ಯಾಗ ಬಡತನ ಬಂದ್ರ ನಮ್ಮ ಮುಂದ ಮುಚ್ಚಿಡಬಾರ್ದವ್ವ," ಎಂದರು. "ಗೋಬಿ ತುರದು ಅನ್ನ ಅಂತ ಬಡಸೂ ಹೊತ್ತು ಬಂದ ಮ್ಯಾಲಾದ್ರೂ ಒಂದ್ ಮಾತ್ ಹೇಳಬೇಕು."

ಅಕ್ಕಿ ಬೇಕಾದಷ್ಟಿದೆ, ಇದು ಶುಗರ್ ಇಳಿಸುವ ಊಟ, ಅನ್ನದ ಬದಲು ಈಗ ಹೀಗೆ ಮಾಡುತ್ತಾರೆ ಎಂದು ಹೂಕೋಸು ತೊಳೆಯುವುದರಿಂದ ಹಿಡಿದು ಒಗ್ಗರಣೆಯ ತನಕ ಬಿಡಿಸಿ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು.

"ಹಂಗ ಹೇಳು," ಎಂದರು. "ಮಂದಿ ಕೇಳಿದ್ರ ನಾನೂ ಹಂಗ ಹೇಳ್ತೀನಿ."

ಅಕ್ಕಿಗೆ ಹುಳ ಬೀಳಲು ಬಿಡುವಂತಿರಲಿಲ್ಲ. ಹೋಳಿಗೆಯ ಡಬ್ಬಿ ಯಜಮಾನರ ಕಣ್ಣಿಗೆ ಬೀಳುವಂತಿರಲಿಲ್ಲ. ಎರಡಕ್ಕೂ ನಾನು ತಕ್ಕ ವ್ಯವಸ್ಥೆ ಮಾಡಿದೆ.

೫. ಹುಗ್ಗಿ

ಚಿತ್ತಾಪುರದ ಹತ್ತಿರದ ಒಂದು ಮಠದಲ್ಲಿ ದಾಸೋಹವಿತ್ತು. ಗೋಧಿ ಹುಗ್ಗಿ. ಬೇಡ ಎಂದು ಯಜಮಾನರಿಗೆ ದಾರಿಯಲ್ಲೇ ಹೇಳಿದ್ದೆ. ಸಾಲಿನಲ್ಲಿ ಕುಳಿತ ಮೇಲೆ ಅವರು ನನ್ನ ಕಡೆ ಬಾಗಿ, "ಮನ್ಯಾಗ ಮಾಡಿದ್ರ ಅದು ಹುಗ್ಗಿ. ಇಲ್ಲಿ ಪ್ರಸಾದ. ಪ್ರಸಾದಕ್ಕ ಶುಗರ್ ಇರಂಗಿಲ್ಲ" ಎಂದರು.

ಬಡಿಸುವವರು ಬಂದು ದೊಡ್ಡ ಸೌಟಿನಲ್ಲಿ ಸುರಿದರು. ಪ್ರಸಾದ ಬೇಡ ಎನ್ನುವಂತಿಲ್ಲ, ಬಿಡುವಂತೆಯೂ ಇಲ್ಲ. ಯಜಮಾನರು ಕೈ ಹಚ್ಚುವ ಮೊದಲೇ ಅಷ್ಟನ್ನೂ ನನ್ನ ತಾಟಿಗೆ ಎಳೆದುಕೊಂಡೆ. ಖಾಲಿ ತಾಟು ನೋಡಿ ಬಡಿಸುವವರು ಮತ್ತೆ ಹಾಕಿದರು. ಮತ್ತೆ ಎಳೆದುಕೊಂಡೆ. ಮೂರನೆಯ ಸಲವೂ ಹಾಗೇ ಆಯಿತು. ಬಡಿಸುವವರು ಸೌಟು ಹಿಡಿದು ನಿಂತು, ಯಜಮಾನರನ್ನು ಭಕ್ತಿಯಿಂದ ನೋಡಿ ನನಗೆ ಹೇಳಿದರು:

"ಈ ವಯಸ್ಸಿನಾಗೂ ಸಾಹೇಬ್ರ ಊಟ ಹಿಂಗದಲ್ರಿ ಅವ್ವಾರ. ಪುಣ್ಯ ಮಾಡೀರಿ."

ತಕ್ಕ ಉತ್ತರ ಕೊಡುತ್ತಿದ್ದೆ. ಬಾಯಿ ತುಂಬ ಹುಗ್ಗಿ ಇತ್ತು.

೬. ಚೀಟಿ

ಮೂರು ತಿಂಗಳು ಮುಗಿದ ದಿನ ಶಹಾಬಾದಿಗೆ ಹೋದೆವು. ಯಜಮಾನರು ರಕ್ತ ಕೊಟ್ಟು, ಬೆಂಚಿನ ಮೇಲೆ ಮಲಗಿ, ಎದ್ದು, ಚೀಟಿ ಬರುವ ತನಕ ನನ್ನ ಸೆರಗಿನ ತುದಿ ಹಿಡಿದುಕೊಂಡೇ ಕುಳಿತಿದ್ದರು.

ಏಳು ಪಾಯಿಂಟ್ ಎರಡು.

ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಸೂಜಿ ಬೇಡ ಎಂದಳು. ಇದನ್ನು ಹೇಗೆ ಮಾಡಿದಿರಿ ಮೇಡಂ, ಬೇರೆಯವರಿಗೂ ಹೇಳಬೇಕು ಎಂದಳು. ನಾನು ಇಂಥ ಪ್ರಶ್ನೆ ಬರಬಹುದೆಂದು ನೋಟ್‌ಬುಕ್ ತಂದಿದ್ದೆ. ತೆರೆದು ಓದತೊಡಗಿದೆ. ಅನ್ನದ ಬದಲು ಹೂಕೋಸು, ಅವಲಕ್ಕಿಯ ಬದಲು ಮೊಳಕೆ ಕಾಳು, ಶರಬತ್ತಿನ ಬದಲು ಉಪ್ಪು ಹಾಕಿದ ನಿಂಬೆನೀರು. ನಾಲ್ಕನೆಯ ಸಾಲಿಗೆ ಬಂದಾಗ, ಮದುವೆಯಾದ ಮೇಲೆ ನನ್ನ ಮಾತಿಗೆ ಎಂದೂ ಅಡ್ಡ ಬರದ ಯಜಮಾನರು ಗಂಟಲು ಸರಿ ಮಾಡಿಕೊಂಡರು.

"ಅದೆಲ್ಲಾ ಖರೇ ಅದರಿ ಡಾಕ್ಟ್ರ. ಆದ್ರ ದೊಡ್ಡ ಇಲಾಜು ಬ್ಯಾರೆ ಅದ. ನನಗ ಬ್ಯಾಡ ಅಂದಿದ್ದು ಏನ ಬರ್ಲಿ, ನನ್ನ ಕೈ ಮುಟ್ಟೂದ್ರೊಳಗ ಈಕಿ ತಿಂದು ಮುಗಸ್ತಾಳ."

ಆಮೇಲೆ ಗಾರ್ಡ್ ತನ್ನ ಗಾಡಿಯ ವರದಿ ಒಪ್ಪಿಸುವ ಹಾಗೆ ಒಂದೊಂದಾಗಿ ಹೇಳಿದರು. ಸೇಡಂನ ನಾಲ್ಕು ಬಾಲೂಶಾ. ಪ್ಲಾಟ್‌ಫಾರ್ಮಿನ ಚಹಾ. ಚಿಮ್ಮನಚೋಡದ ಅಕ್ಕಿ, ಚೀಲದ ತಳ ಕಾಣುವ ತನಕ. ಹೋಳಿಗೆಯ ಡಬ್ಬಿ, ಅಟ್ಟದ ಮೇಲೆ ಇಟ್ಟದ್ದು. ಹುಗ್ಗಿ, ಮೂರು ಸಲ. ಅಟ್ಟದ ವಿಷಯ ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ನನ್ನನ್ನು ನೋಡಿದಳು. ನಾನು ಏನನ್ನೂ ಹಾಳು ಮಾಡಲಿಲ್ಲ, ಅಷ್ಟೇ ಎಂದೆ. ಅವಳು ನರ್ಸನ್ನು ಕರೆದಳು. ನನ್ನ ಕೈಗೆ ಸೂಜಿ ಚುಚ್ಚುವಾಗ ನಾನು ಕದಲಲಿಲ್ಲ. ಯಜಮಾನರನ್ನು ಮತ್ತೆ ಬೆಂಚಿನ ಮೇಲೆ ಮಲಗಿಸಬೇಕಾಯಿತು.

ಚೀಟಿ ಬಂತು. ಎಂಟು ಪಾಯಿಂಟ್ ಒಂದು. ಗುಳಿಗೆ ಬರೆಯುತ್ತೇನೆ, ಊಟ ಬದಲಾಗಲಿ, ಮೂರು ತಿಂಗಳ ಮೇಲೆ ನೋಡೋಣ ಎಂದು ಡಾಕ್ಟರಮ್ಮ ಅದೇ ದನಿಯಲ್ಲಿ ಹೇಳಿದಳು. ಯಜಮಾನರು ಬೆಂಚಿನಿಂದ ನಿಧಾನವಾಗಿ ಎದ್ದು, ಅಂಗಿ ನೇರ ಮಾಡಿಕೊಂಡು ನಿಂತರು.

"ಚಿಂತಿ ಬ್ಯಾಡ್ರಿ," ಎಂದರು. "ಅಡಿಗಿ ಇನ್ನ ನನ್ನ ಕೈಯಾಗ ಅದ."

ಅವತ್ತು ಮಧ್ಯಾಹ್ನ ಹೂಕೋಸನ್ನು ಅವರೇ ತುರಿದರು. ಒಗ್ಗರಣೆ ಅವರೇ ಕೊಟ್ಟರು. ರೊಟ್ಟಿಯ ಹೆಣ್ಣುಮಗಳು ನನ್ನ ಪಾಲಿನ ಹಿಟ್ಟನ್ನು ಯಾರೂ ಹೇಳದೆಯೇ ತೂಗಿದಳು. ಅವಳು ನಗುತ್ತಿದ್ದಳೆಂದು ನನ್ನ ಅನುಮಾನ. ಯಜಮಾನರು ನನ್ನ ಪಕ್ಕದಲ್ಲಿ ಕುಳಿತು, ಒಂದೇ ಸಾಲಿಗೆ ಎರಡು ಬಗೆ ಸಲ್ಲ ಎಂದು ಇಬ್ಬರಿಗೂ ಹೂಕೋಸಿನ ಅನ್ನ ಬಡಿಸಿದರು.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಮೂರು ತಿಂಗಳು ದಿನಾ ಮಾಡಿದ್ದೆನಾದರೂ ಆ ಅನ್ನವನ್ನು ನಾನು ಒಂದು ದಿನವೂ ಬಾಯಿಗೆ ಇಟ್ಟಿರಲಿಲ್ಲ. ಅವರ ಪಥ್ಯ, ಅವರ ಪಾಲು; ನಾನು ಎಲ್ಲರಿಗೂ ಬಡಿಸಿ ಆಮೇಲೆ ಉಣ್ಣುವವಳು. ನಾನು ಚಿಮ್ಮನಚೋಡದ ಅಕ್ಕಿಯನ್ನು ಖಾಲಿ ಮಾಡುವ ಕೆಲಸದಲ್ಲಿದ್ದೆ. ಮೊದಲ ತುತ್ತು ಒಳಗೆ ಹೋಯಿತು. ಯಜಮಾನರು ಯಾಕೆ ಕಣ್ಣು ಮುಚ್ಚಿ ಉಣ್ಣುತ್ತಿದ್ದರೆಂದು ತಿಳಿಯಿತು. ಕೈ ನಿಂತಿತು.

"ತಾಟಿನಾಗ ಬಿಡಬಾರ್ದು" ಎಂದರು ಅವರು, ತಮ್ಮ ತಾಟಿನಿಂದ ತಲೆ ಎತ್ತದೆ.

ಕೊನೆಯ ಕಾಳಿನ ತನಕ ಉಂಡೆ. ಕೈ ತೊಳೆದೆ. ಆಮೇಲೆ ಚಿಮ್ಮನಚೋಡಕ್ಕೆ ಫೋನ್ ಹಚ್ಚಿದೆ.

"ಅಕ್ಕಾ," ಎಂದೆ, "ನೀವು ಅವತ್ತು ಹೇಳಿದ್ದು ಖರೇ ಅದರಿ. ನಮ್ಮ ಮನ್ಯಾಗ ಬಡತನ ಬಂದದ."